ಮಾತಲ್ಲಿ ರೂಪಕ ಬಂದ್ರೆ ಅಷ್ಟು ಬೇಗ ಹೇಗೆ ಅರ್ಥ ಆಗುತ್ತೆ?

ಮಡಿಕೇರಿಯಿಂದ: ಕಾಫಿ ಕುಯ್ಲಿನ ಟೈಮಲ್ಲಿ ಯಾರೋ "ನಮ್ಮ ಮೇಸ್ತ್ರಿ ಹುಲಿ" ಅಂದ್ರು, ಎಲ್ರಿಗೂ ತಕ್ಷಣ ಅರ್ಥ ಆಯ್ತು. ಮೊದ್ಲು ನಿಜವಾದ ಹುಲಿ ಅಂದ್ಕೊಂಡು ಅದು ಹೊಂದಲ್ಲ ಅಂತ ಆಮೇಲೆ ಬೇರೆ ಅರ್ಥ ಹುಡುಕ್ತೀವಾ, ಇಲ್ಲಾ ನೇರವಾಗೇ ಹೊಳೆಯುತ್ತಾ? ಗೊತ್ತಿರೋರು ಹೇಳಿ ಪ್ಲೀಸ್

ವಿರಾಜಪೇಟೆ: ಮೊದಲನೇದು ಹಳೇ ವಾದ, ತತ್ವಜ್ಞಾನಿ ಜಾನ್ ಸರ್ಲ್ 1979ರಲ್ಲಿ ಹತ್ತಿರತ್ತಿರ ಹಾಗೇ ಹೇಳಿದ್ರು. ಆದ್ರೆ 1982ರಲ್ಲಿ ಮನೋವಿಜ್ಞಾನಿ ಗ್ಲಕ್ಸ್‌ಬರ್ಗ್ ಮತ್ತೆ ಜೊತೆಯವ್ರು ಒಂದು ಪ್ರಯೋಗ ಮಾಡಿದ್ರು, ವಾಕ್ಯ ಅಕ್ಷರಶಃ ನಿಜನಾ ಸುಳ್ಳಾ ಅಷ್ಟೇ ಹೇಳ್ಬೇಕು, "ಕೆಲವು ಕೆಲಸಗಳು ಜೈಲು" ಥರದ್ದು ಬಂದಾಗ ಸುಳ್ಳು ಅನ್ನೋಕೆ ಜನ ಹೆಚ್ಚು ಟೈಮ್ ತಗೊಂಡ್ರು, ಅಂದ್ರೆ ರೂಪಕದ ಅರ್ಥ ಬೇಡ ಅಂದ್ರೂ ತಾನಾಗೇ ಬಂದು ಅಡ್ಡ ನಿಲ್ತು. ನಂಗೆ ಇದು ತುಂಬಾ ಗಟ್ಟಿ ಸಾಕ್ಷಿ ಅನ್ಸುತ್ತೆ.

ಪೊನ್ನಂಪೇಟೆ: ಒಪ್ತೀನಿ, ಆದ್ರೆ ಅದು ಓದೋ ವಾಕ್ಯ. ಮಾತಲ್ಲಿ ದನಿ, ಮುಖ, ಹಿಂದೆ ಏನ್ ಮಾತಾಡ್ತಿದ್ವಿ ಎಲ್ಲಾ ಸೇರುತ್ತೆ. ನಾಗರಹೊಳೆ ಪಕ್ಕದ ನಮ್ಮೂರಲ್ಲಿ "ತೋಟಕ್ಕೆ ಹುಲಿ ಬಂತು" ಅಂದ್ರೆ ನಿಜವಾದ ಹುಲಿನೇ ಇರ್ಬಹುದಲ್ವಾ, ಹಸು ಕಳ್ಕೊಂಡ ಮನೇಲಿ ಆ ಮಾತು ಕೇಳೋ ರೀತಿನೇ ಬೇರೆ.

ಮತ್ತೆ ವಿರಾಜಪೇಟೆ: ಹೌದು ಸರ್, ಜೊತೆಗೆ ಹುಲಿ ಅನ್ನೋದು ಹಳಸಿದ ರೂಪಕ, ಹೊಸದಾದ್ರೆ ಮಿದುಳಿಗೆ ಶ್ರಮ ಜಾಸ್ತಿ, ಪದ ಬಂದು ಸುಮಾರು 400 ಮಿಲಿಸೆಕೆಂಡಿಗೆ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆ ಅಳೆಯೋ ಪರೀಕ್ಷೆ) ಅದು ಕಾಣ್ಸುತ್ತೆ.