ಬೇಡದ ಇಮೇಲ್‌ಗಳ ಕಾಟ ತಪ್ಪಿಸಲು ನೀವೇನು ಮಾಡಿದ್ದೀರಿ?

ಪ್ರಶ್ನೆ: ಕೆಲವು ತಿಂಗಳುಗಳಿಂದ ಸಾಲ, ಲಾಟರಿ, ಔಷಧಿ ಎಂದು ಗುರುತು ಪರಿಚಯವಿಲ್ಲದವರ ಇಮೇಲ್‌ಗಳು ನನಗೆ ರಾಶಿಗಟ್ಟಲೆ ಬರುತ್ತಿವೆ. ಒಬ್ಬೊಬ್ಬರನ್ನೇ ಬ್ಲಾಕ್ ಮಾಡುತ್ತಾ ಬಂದರೂ ಕಡಿಮೆಯಾಗಿಲ್ಲ. ಹಳೆಯ ವಿಳಾಸವಾದ್ದರಿಂದ ಬದಲಿಸಲು ಮನಸ್ಸಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಒಂದನೆಯ ಉತ್ತರ: ಬ್ಲಾಕ್ ಮಾಡಿ ಫಲ ಸಿಗದಿರುವುದು ಸಹಜ. ಕಳುಹಿಸಿದವರ ವಿಳಾಸವೆಂದು ನಮಗೆ ಕಾಣುವುದನ್ನು ಅವರು ಸುಳ್ಳಾಗಿಯೂ ಬರೆಯಬಹುದು, ದಿನಕ್ಕೊಂದರಂತೆ ಬದಲಿಸಲೂಬಹುದು. ಆದ್ದರಿಂದ ಅಂಥ ಇಮೇಲನ್ನು ಸುಮ್ಮನೆ ಅಳಿಸದೆ ಸ್ಪ್ಯಾಮ್ ಎಂದು ಗುರುತು ಮಾಡಿ. ಬೇಡದ ಪತ್ರಗಳನ್ನು ಬೇರ್ಪಡಿಸುವ ಫಿಲ್ಟರ್ ಆ ಗುರುತುಗಳಿಂದಲೇ ಕಲಿಯುತ್ತದೆ. ಬೇಕಾದ ಪತ್ರವೂ ಒಮ್ಮೊಮ್ಮೆ ಸ್ಪ್ಯಾಮ್ ಫೋಲ್ಡರಿಗೆ ಸೇರಿಕೊಳ್ಳುವುದುಂಟು. ಜಿಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿರುವುದನ್ನು 30 ದಿನಗಳ ನಂತರ ತಾನಾಗಿಯೇ ಅಳಿಸುವುದರಿಂದ, ಆಗಾಗ ಅದರೊಳಗೆ ಕಣ್ಣಾಡಿಸುವುದು ಒಳ್ಳೆಯದು.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಸ್ಪ್ಯಾಮ್ ಎನ್ನುವ ಮೊದಲು ಆ ಕಳುಹಿಸಿದವರಿಗೆ ವಿಳಾಸ ಕೊಟ್ಟವರು ನಾವೇ ಅಲ್ಲವೇ ಎಂದು ಯೋಚಿಸಬೇಕು. ನಾವೇ ಖಾತೆ ತೆರೆದ ಸಂಸ್ಥೆಯ ಜಾಹೀರಾತಾದರೆ ಅನ್‌ಸಬ್‌ಸ್ಕ್ರೈಬ್ (ಚಂದಾ ರದ್ದು) ಮಾಡಿದರೆ ಸಾಕು. ದೊಡ್ಡ ಪ್ರಮಾಣದಲ್ಲಿ ಜಾಹೀರಾತು ಕಳುಹಿಸುವವರು ಒಂದೇ ಕ್ಲಿಕ್ಕಿನಲ್ಲಿ ಹೊರಬರುವ ಅವಕಾಶ ನೀಡಲೇಬೇಕೆಂದು ಜಿಮೇಲ್ ಮತ್ತು ಯಾಹೂ 2024ರಲ್ಲಿ ನಿಯಮ ಮಾಡಿವೆ. ಅಪರಿಚಿತರ ಇಮೇಲಿನಲ್ಲಿರುವ ಅದೇ ಹೆಸರಿನ ಕೊಂಡಿಯನ್ನು ಮಾತ್ರ ಮುಟ್ಟಬೇಡಿ, ಏಕೆಂದರೆ ಅದನ್ನು ಒತ್ತಿದರೆ ಈ ವಿಳಾಸ ಬಳಕೆಯಲ್ಲಿದೆ ಎಂದು ನಾವೇ ತಿಳಿಸಿದಂತಾಗುತ್ತದೆ, ಜೊತೆಗೆ ಅದು ವಂಚಕರ ಪುಟಕ್ಕೂ ಕರೆದೊಯ್ಯಬಹುದು. ಚಿತ್ರಗಳ ವಿಷಯವೂ ಹೀಗೆಯೇ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ, ಒಂದೇ ಪಿಕ್ಸೆಲ್ಲಿನ ಚಿತ್ರವೊಂದನ್ನು ಇಮೇಲಿನೊಳಗೆ ಇಟ್ಟಿರುತ್ತಾರೆ. ನಾವು ಪತ್ರ ತೆರೆದ ಕೂಡಲೇ ಅದು ಅವರ ಸರ್ವರ್‌ನಿಂದ ಇಳಿದು, ತೆರೆದ ಸುದ್ದಿಯನ್ನು ಅವರಿಗೆ ಮುಟ್ಟಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಚಿತ್ರಗಳನ್ನು ಕೇಳಿಯೇ ತೋರಿಸುವಂತೆ ಬದಲಿಸಿಕೊಳ್ಳಿ.

ಮೂರನೆಯ ಉತ್ತರ: ಇನ್ನು ಮುಂದಾದರೂ ವಿಳಾಸ ಎಲ್ಲಿಂದ ಸೋರುತ್ತಿದೆ ಎಂದು ತಿಳಿಯಲು ಒಂದು ಉಪಾಯವಿದೆ. ಜಿಮೇಲ್‌ನಲ್ಲಿ ನಿಮ್ಮ ಹೆಸರಿನ ನಂತರ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಯಾವುದೇ ಪದ ಸೇರಿಸಿದರೂ ಪತ್ರ ನಿಮಗೇ ತಲುಪುತ್ತದೆ. ನಾನು ಟಿಕೆಟ್ ಕಾಯ್ದಿರಿಸುವ ತಾಣವೊಂದಕ್ಕೆ 'ಟಿಕೆಟ್' ಎಂದು ಸೇರಿಸಿ ಕೊಟ್ಟಿದ್ದ ವಿಳಾಸಕ್ಕೆ, ಕೆಲವೇ ವಾರಗಳಲ್ಲಿ ಸಾಲದ ಜಾಹೀರಾತುಗಳು ಬರತೊಡಗಿದವು. ಆ ವಿಳಾಸಕ್ಕೆ ಬಂದದ್ದೆಲ್ಲ ನೇರವಾಗಿ ಕಸಕ್ಕೆ ಹೋಗುವಂತೆ ಫಿಲ್ಟರ್ ಹಾಕಿದೆ, ಅಲ್ಲಿಗೆ ಆ ಕಾಟ ನಿಂತಿತು. ಕೆಲವು ಅರ್ಜಿಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ, ಜಾಣ ವಂಚಕರು ಆ ಭಾಗವನ್ನು ಕತ್ತರಿಸಿಯೂ ಹಾಕಬಹುದು. ಹಾಗಾಗಿ ಬ್ಯಾಂಕಿಗೂ ಆಪ್ತರಿಗೂ ಒಂದು ವಿಳಾಸ, ಉಳಿದೆಲ್ಲಕ್ಕೂ ಮತ್ತೊಂದು ಎಂದು ಬೇರ್ಪಡಿಸುವುದೇ ಹೆಚ್ಚು ಭದ್ರವೆಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಉತ್ತರ: ನಿಮ್ಮದು ತಿಂಗಳುಗಳಿಂದ ಇರುವ ತೊಂದರೆ, ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಎಂದಾದರೂ ಒಂದೇ ಗಂಟೆಯಲ್ಲಿ, ನೀವು ಕೇಳದೆಯೇ, ನೂರಾರು ಚಂದಾದಾರಿಕೆಯ ಇಮೇಲ್‌ಗಳು ನುಗ್ಗಿದರೆ ಅದನ್ನು ಬರೀ ಕಿರಿಕಿರಿ ಎಂದುಕೊಳ್ಳಬೇಡಿ. ಖಾತೆಯಿಂದ ಹಣ ತೆಗೆದ ಅಥವಾ ಪಾಸ್‌ವರ್ಡ್ ಬದಲಿಸಿದ ಸೂಚನೆ ನಿಮ್ಮ ಕಣ್ಣಿಗೆ ಬೀಳಬಾರದೆಂದು ಕಳ್ಳರು ಹೀಗೆ ಮಾಡುವುದುಂಟು. ಇಮೇಲ್‌ಗಳನ್ನು ಅಳಿಸುತ್ತಾ ಕೂರದೆ, ಮೊದಲು ಬ್ಯಾಂಕ್ ಮತ್ತು ಕಾರ್ಡಿನ ವ್ಯವಹಾರಗಳನ್ನು ನೇರವಾಗಿ ಪರಿಶೀಲಿಸಿ.