ದೊಡ್ಡಪ್ಪನವರ ಮಾರ್ಫಿನ್ ಮಾತ್ರೆಯ ಬಗ್ಗೆ ಅತ್ತಿಗೆಗೆ

ಅತ್ತಿಗೆ, ನಿನ್ನೆ ರಾತ್ರಿ ನೀವು ಕಳುಹಿಸಿದ ಸಂದೇಶವನ್ನು ಎರಡು ಸಲ ಕೇಳಿದೆ. ದೊಡ್ಡಪ್ಪನವರ ಕ್ಯಾನ್ಸರ್ ನೋವಿಗೆಂದು ವೈದ್ಯರು 4 ಗಂಟೆಗೊಮ್ಮೆ ಕೊಡಲು ಬರೆದಿರುವ ಮಾರ್ಫಿನ್ ಮಾತ್ರೆಯನ್ನು, ಚಟ ಹತ್ತೀತೆಂಬ ಭಯದಿಂದ, ಅವರು ನರಳಲು ತೊಡಗಿದ ಮೇಲಷ್ಟೇ ಕೊಡುತ್ತಿರುವುದಾಗಿ ಹೇಳಿದ್ದೀರಿ. ಗುಂಪಿನಲ್ಲಿ ಹಲವರು ಅದೇ ಸರಿ ಎಂದಿದ್ದಾರೆ. ನಾನು ಒಪ್ಪಲಾರೆ. ಅಮ್ಮನ ಕಾಯಿಲೆಯಲ್ಲಿ ನಾನೂ ಹೀಗೆಯೇ ಮಾಡಿದ್ದೆ, ಆ ಕೆಲವು ವಾರಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಚಟ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡರೆ ಯಾರ ದೇಹವಾದರೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದಾಗ ಬೆವರು, ಚಡಪಡಿಕೆ, ಭೇದಿ, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ಇದು ದೇಹದ ಅವಲಂಬನೆ. ಚಿಕಿತ್ಸೆಯಿಂದ ನೋವಿನ ಮೂಲವೇ ಕುಗ್ಗಿದರೆ ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸುತ್ತಾರೆ. ವ್ಯಸನವೆಂಬುದು ಬೇರೆ: ಹಾನಿಯಾಗುತ್ತಿದೆಯೆಂದು ತಿಳಿದೂ ಮನಸ್ಸು ಔಷಧಿಯನ್ನೇ ಹಂಬಲಿಸುತ್ತದೆ, ಬಿಡಲಾಗುವುದಿಲ್ಲ. ದೊಡ್ಡಪ್ಪ ಗಡಿಯಾರ ನೋಡುತ್ತ ಮುಂದಿನ ಮಾತ್ರೆ ಕೇಳುವುದನ್ನು ನೀವು ವ್ಯಸನದ ಗುರುತೆಂದುಕೊಂಡಿದ್ದೀರಿ. ಅಮ್ಮನೂ ಹಾಗೆಯೇ ಕೇಳುತ್ತಿದ್ದಳು; ವೈದ್ಯರು ಹೇಳಿದ ಪ್ರಮಾಣವನ್ನು ಹೊತ್ತಿಗೆ ಸರಿಯಾಗಿ ಕೊಡತೊಡಗಿದ ಮೇಲೆ ಕೇಳುವುದನ್ನೇ ಬಿಟ್ಟಳು.

ಸಾದಾ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆಯಲ್ಲಿ ಇಳಿಯುತ್ತದೆ. ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮಾರ್ಗಸೂಚಿ ಕೊಟ್ಟಾಗಲೂ, 2018ರಲ್ಲಿ ಅದನ್ನು ಪರಿಷ್ಕರಿಸಿದಾಗಲೂ, ಸಾಧ್ಯವಾದಷ್ಟು ಬಾಯಿಯ ಮೂಲಕ, ಗಡಿಯಾರದ ಪ್ರಕಾರ ಕೊಡಬೇಕೆಂಬ ಮಾತು ಹಾಗೆಯೇ ಉಳಿದಿದೆ. ನೋವು ಹೆಡೆಯೆತ್ತಿದ ಮೇಲೆ ಅದನ್ನು ತಗ್ಗಿಸುವುದು ಕಷ್ಟ. ಇದು ಕೊನೆಯ ಹಂತದವರ ಮದ್ದು ಎಂದು ಚಿಕ್ಕಮ್ಮ ಬರೆದದ್ದೂ ಸರಿಯಲ್ಲ. ಯಾವಾಗ, ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಕಾಯಿಲೆಯ ಹಂತವಲ್ಲ, ನೋವು.

ಹಾಗೆಂದು ವ್ಯಸನದ ಭಯವೇ ಹುಸಿ ಎಂದು ನಾನು ಹೇಳುತ್ತಿಲ್ಲ. ಹಿಂದೆ ಮದ್ಯ ಅಥವಾ ಮಾದಕವಸ್ತುಗಳ ವ್ಯಸನವಿದ್ದವರಲ್ಲಿ, ಖಿನ್ನತೆಯಿಂದ ಬಳಲಿದವರಲ್ಲಿ ಅಪಾಯ ಹೆಚ್ಚು. ಕ್ಯಾನ್ಸರ್ ಗುಣವಾದ ಬಳಿಕವೂ ವರ್ಷಗಟ್ಟಲೆ ಈ ಔಷಧಿಯಲ್ಲೇ ಉಳಿಯುವವರ ಬಗ್ಗೆ ವೈದ್ಯರು ಎಚ್ಚರ ವಹಿಸುತ್ತಾರೆ. ಆದ್ದರಿಂದ ಅವರು ದೊಡ್ಡಪ್ಪನ ಕುಡಿತದ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಅಂಥ ಇತಿಹಾಸವಿದ್ದವರ ನೋವಿಗೂ ಚಿಕಿತ್ಸೆಯಿದೆ, ನಿಗಾ ಹೆಚ್ಚಿರುತ್ತದೆ ಅಷ್ಟೆ.

ದಿನನಿತ್ಯ ನಿಜವಾಗಿ ಕಾಡುವುದು ಮಲಬದ್ಧತೆ. ಅದು ತಾನಾಗಿ ಕಡಿಮೆಯಾಗುವುದು ಅಪರೂಪ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳಿ ಪಡೆಯಿರಿ. ವಾಕರಿಕೆ ಮತ್ತು ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಆದರೆ ಎಬ್ಬಿಸಿದರೂ ಏಳದಷ್ಟು ನಿದ್ರೆ, ತೀರ ನಿಧಾನವಾದ ಉಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಮಾರ್ಫಿನ್‌ನ ಅಂಶಗಳು ದೇಹದಲ್ಲಿ ಶೇಖರವಾಗುತ್ತವೆ, ಅದನ್ನೂ ತಿಳಿಸಿ. ವೈದ್ಯರನ್ನು ಕೇಳದೆ ನಿದ್ರೆಮಾತ್ರೆ ಸೇರಿಸಬೇಡಿ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಇನ್ನೊಂದು ಮುಖ್ಯ ವಿಷಯ. ಇಷ್ಟು ದಿನ ಕಡಿಮೆ ಕೊಟ್ಟಿರುವುದು ವೈದ್ಯರಿಗೆ ತಿಳಿದಿಲ್ಲ. ಪೂರ್ತಿ ಕೊಟ್ಟರೂ ನೋವು ತಗ್ಗಿಲ್ಲವೆಂದು ಭಾವಿಸಿ ಅವರು ಪ್ರಮಾಣ ಏರಿಸಿದರೆ ಅದು ಅಪಾಯ. ಕಳೆದ ವಾರ ದಿನಕ್ಕೆ ಎಷ್ಟು ಮಾತ್ರೆ, ಯಾವ ಹೊತ್ತಿಗೆ ಕೊಟ್ಟಿರಿ ಎಂಬುದನ್ನು ಇದ್ದದ್ದು ಇದ್ದಂತೆ ಬರೆದಿಟ್ಟುಕೊಂಡು, ಇಂದೇ ಅವರಿಗೆ ಫೋನ್ ಮಾಡಿ ಓದಿ ಹೇಳಿ.