ಎಂಜಿಬಿಗೆ ಅಕಾರ್ಡ್ ಎಂಜಿನ್: ಮಂಜಣ್ಣನ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಳೇ ಗಾಡಿಗೆ ಬೇರೆ ಎಂಜಿನ್ ಹಾಕುವ ಬಗ್ಗೆ ಇವತ್ತು ಶಿವಮೊಗ್ಗದ ಮೆಕ್ಯಾನಿಕ್ ಮಂಜಣ್ಣ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಪ್ರವೀಣ್, ಭದ್ರಾವತಿ: ಮಂಜಣ್ಣ, 1986ರ ಕಾಂಟೆಸ್ಸಾ ಇದೆ. ಹಳೇ 1.5 ಎಂಜಿನ್. ಘಾಟಿಯಲ್ಲಿ ಉಸಿರೇ ಇಲ್ಲ. ಇಸುಝು 1.8 ಪೆಟ್ರೋಲ್ ಕೂರುತ್ತಾ?

ಮಂಜಣ್ಣ: ಕೂರುತ್ತೆ. ಕಂಪನಿಯವರೇ ಆಮೇಲೆ ಅದನ್ನು ಹಾಕಿ ಕಾಂಟೆಸ್ಸಾ ಕ್ಲಾಸಿಕ್ ಅಂತ ಮಾರಿದರು. ಐದು ಗೇರಿನ ಬಾಕ್ಸ್, ಮೌಂಟಿಂಗ್, ರೇಡಿಯೇಟರ್ ಎಲ್ಲಾ ಒಂದೇ ಗಾಡಿಯದು ಸಿಕ್ಕರೆ ಮಾತ್ರ ಕೈ ಹಾಕಿ. ಬರೀ ಎಂಜಿನ್ ತಂದರೆ ಮಿಕ್ಕ ಸಾಮಾನಿಗೆ ವರ್ಷಗಟ್ಟಲೆ ಗುಜರಿ ಅಂಗಡಿ ಸುತ್ತುತ್ತೀರಿ. ಬಿಚ್ಚುವ ಮೊದಲು ಆರ್‌ಟಿಒ ಅನುಮತಿ.

ನವೀನ್, ಶಿವಮೊಗ್ಗ: ಸಾರ್, ಬೇರೆ ಕಂಪನಿ ಎಂಜಿನ್ ಹಾಕಿದರೆ ಆರ್‌ಟಿಒದಲ್ಲಿ ಪಾಸ್ ಆಗುತ್ತಾ?

ಮಂಜಣ್ಣ: ಇಲ್ಲ. 1988ರ ಮೋಟಾರು ವಾಹನ ಕಾಯ್ದೆ, ಕಲಂ 52. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ಇರಬೇಕು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಹೇಳಿದೆ. ಕಲಂ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದೇ ತರಹದ ಎಂಜಿನ್ ಹಾಕುವುದಾದರೆ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಬರೆಸದೆ ಓಡಿಸಿ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಎಂಜಿನ್ ನಂಬರ್ ನೋಡಿಯೇ ಕೈ ತೊಳೆದುಕೊಳ್ಳುತ್ತಾರೆ.

ಸುಹಾಸ್, ಕೊಪ್ಪ: ಮಂಜಣ್ಣ ನಮಸ್ತೆ. ತೋಟದ ಶೆಡ್‌ನಲ್ಲಿ ಅಜ್ಜನ ಕಾಲದ 1967ರ ಎಂಜಿಬಿ ಇದೆ, ಇಂಗ್ಲೆಂಡಿನ ಓಪನ್ ಸ್ಪೋರ್ಟ್ಸ್ ಕಾರು, ಬಲಗಡೆ ಸ್ಟೇರಿಂಗ್. ಎಂಜಿನ್ ಸೀಝ್ ಆಗಿ ವರ್ಷಗಳಾಗಿವೆ. ಹೋಂಡಾ ಅಕಾರ್ಡ್ 2.4 ಎಂಜಿನ್ ಒಂದು ಕಡಿಮೆ ರೇಟಿಗೆ ಸಿಕ್ಕಿತು, ತಂದಿದ್ದೇನೆ. ಆಯಿಲ್ ಚೇಂಬರ್ ತಾಗುತ್ತಿತ್ತು ಅಂತ ಮುಂದಿನ ಕ್ರಾಸ್ ಮೆಂಬರ್ (ಕೆಳಗಿನ ಅಡ್ಡ ತೊಲೆ) ನಡುವೆ ಸ್ವಲ್ಪ ಕಟ್ ಮಾಡಿಸಿದೆ. ಈಗ ಯಾವ ಗೇರ್ ಬಾಕ್ಸ್ ಹಾಕಲಿ? ಡಿಸೆಂಬರಿನಲ್ಲಿ ಆಗುಂಬೆ ಇಳಿದು ಉಡುಪಿಗೆ ಹೋಗುವ ಪ್ಲಾನ್ ಇದೆ.

ಇರ್ಫಾನ್, ತೀರ್ಥಹಳ್ಳಿ: ಪದ್ಮಿನಿಗೆ ಯಾವ ಎಂಜಿನ್ ಒಳ್ಳೇದು?

ಮಂಜಣ್ಣ: ಪದ್ಮಿನಿಗೆ ಪದ್ಮಿನಿ ಎಂಜಿನ್.

ಮಂಜಣ್ಣ: ಸುಹಾಸ್, ಗೇರ್ ಬಾಕ್ಸ್ ವಿಷಯ ಆಮೇಲೆ. ಮೊದಲು ಆ ಕ್ರಾಸ್ ಮೆಂಬರ್. ಅದನ್ನು "ಸ್ವಲ್ಪ" ಕಟ್ ಮಾಡುವುದು ಅಂತ ಇಲ್ಲ. ಎಂಜಿಬಿಗೆ ಜೀಪಿನ ತರಹ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಅದರ ಮುಂಭಾಗಕ್ಕೆ ನಾಲ್ಕು ದೊಡ್ಡ ಬೋಲ್ಟ್, ರಬ್ಬರ್ ಪ್ಯಾಡ್ ಹಾಕಿ ಈ ಕ್ರಾಸ್ ಮೆಂಬರ್ ಬಿಗಿದಿರುತ್ತಾರೆ. ಸ್ಪ್ರಿಂಗ್, ಲಿವರ್ ಶಾಕ್ ಅಬ್ಸಾರ್ಬರ್, ಸ್ಟೇರಿಂಗ್ ರ‍್ಯಾಕ್ ಮೂರೂ ಅದರ ಮೇಲೆ ಕೂತಿವೆ. ನಡುವೆ ಕೊಯ್ದರೆ ತಿರುವಿನಲ್ಲಿ ಭಾರ ಬಿದ್ದಾಗ ಎಡ ಬಲ ಚಕ್ರಗಳು ಒಂದಕ್ಕೊಂದು ಹೊಂದಿಕೊಳ್ಳದೆ ಆಡುತ್ತವೆ. ನಿಂತಿರುವಾಗ ಏನೂ ಗೊತ್ತಾಗಲ್ಲ. ಆಗುಂಬೆಯಲ್ಲಿ 14 ಹೇರ್‌ಪಿನ್. ಅಲ್ಲಿ ಗೊತ್ತಾಗುತ್ತೆ. ಆ ಗಾಡಿಯನ್ನು ಶೆಡ್‌ನಿಂದ ಗೇಟಿನವರೆಗೂ ಓಡಿಸಬೇಡಿ.

ಎರಡನೇದು. ಅಕಾರ್ಡ್ ಮುಂದಿನ ಚಕ್ರ ಎಳೆಯುವ ಗಾಡಿ, ಎಂಜಿನ್ ಅಡ್ಡ ಕೂತಿರುತ್ತೆ. ನಿಮ್ಮದು ಹಿಂದಿನ ಚಕ್ರದ್ದು, ಎಂಜಿನ್ ಉದ್ದಕ್ಕೆ ಕೂರಬೇಕು. ತಿರುಗಿಸಿ ಇಟ್ಟರೆ ಎಕ್ಸಾಸ್ಟ್ ಬಲಗಡೆಗೆ ಬರುತ್ತೆ. ಬಲಗಡೆ ಏನಿದೆ? ಸ್ಟೇರಿಂಗ್ ಕಾಲಮ್. ಮೂಲ ಎಂಜಿನ್ ನೋಡಿ: ಕಾರ್ಬೊರೇಟರ್, ಎಕ್ಸಾಸ್ಟ್ ಎರಡೂ ಎಡಗಡೆ, ಬಲಗಡೆ ಡಿಸ್ಟ್ರಿಬ್ಯೂಟರ್, ಸೆಲ್ಫ್ ಮೋಟಾರ್. ಹಾಗಾಗಿ ಕಾಲಮ್‌ಗೆ ಜಾಗ ಸಿಕ್ಕಿದೆ. ಅಮೆರಿಕದ ವಿಡಿಯೋದಲ್ಲಿ ಸಲೀಸಾಗಿ ಕೂರುತ್ತಲ್ಲ ಅನ್ನಬೇಡಿ. ಅವರ ಸ್ಟೇರಿಂಗ್ ಎಡಗಡೆ.

ಮೂರನೇದು, ಅಕಾರ್ಡ್ ಗೇರ್ ಬಾಕ್ಸ್ ನಿಮಗೆ ಉಪಯೋಗ ಇಲ್ಲ. ಬೇರೆ ಬಾಕ್ಸ್‌ಗೆ ಅಡಾಪ್ಟರ್ ಪ್ಲೇಟ್ ಬೇಕು. ಅದು ಕ್ರ್ಯಾಂಕ್‌ನ ನಡುಗೆರೆಗೆ ಕೂದಲೆಳೆ ಓರೆಯಾದರೂ ಗೇರ್ ಬಾಕ್ಸ್ ಶಾಫ್ಟಿನ ಬೇರಿಂಗ್ ತಿಂದುಹಾಕುತ್ತೆ. ಇಂಜೆಕ್ಷನ್‌ಗೆ ಪೆಟ್ರೋಲ್ 50 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ಬರಬೇಕು, ನಿಮ್ಮ ಗಾಡಿಯ ಹಳೇ ಎಸ್‌ಯು ಕಂಪನಿ ಪಂಪ್ ಕೊಡುವುದು ಮೂರು ಚಿಲ್ಲರೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ವೈರಿಂಗ್, ಅದೇ ಗಾಡಿಯ ಕೀ ತಂದಿದ್ದೀರಾ? ಇಲ್ಲದಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಸ್ಟಾರ್ಟ್ ಆಗೋಕೇ ಬಿಡಲ್ಲ.

ಇಷ್ಟೆಲ್ಲ ಆಯಿತು ಅಂತಲೇ ಇಟ್ಟುಕೊಳ್ಳಿ. ಮೂಲ ಎಂಜಿನ್ 1798 ಸಿಸಿ, 95 ಎಚ್‌ಪಿ ಹತ್ತಿರ, ಟಾರ್ಕ್ 150 ನ್ಯೂಟನ್ ಮೀಟರ್ ಆಸುಪಾಸು. ಅಕಾರ್ಡ್‌ನದು 200 ದಾಟುತ್ತೆ. ಆ ಭಾರವೆಲ್ಲ ಹೋಗಿ ಬೀಳುವುದು ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ. ವೈರ್ ವೀಲ್ (ಕಡ್ಡಿ ಚಕ್ರ) ಇದ್ದರೆ ಹಬ್‌ನ ಹಲ್ಲಿನ ಮೇಲೆ. ಹಬ್‌ನ ಹಲ್ಲು ಸವೆದು ಚೂಪಾಗಿದ್ದರೆ ಒಂದು ದಿನ ಹಬ್ ತಿರುಗುತ್ತೆ, ಚಕ್ರ ತಿರುಗಲ್ಲ. ಬ್ರೇಕ್ ಹಿಡಿದಾಗಲೂ ಅದೇ ಕತೆ. ಇನ್ನು ಆ ಕಾಲದ ಬ್ರೇಕ್ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಇದನ್ನು ಕೇಳದೆ ಎಂಜಿನ್ ಮೊದಲು ತಂದಿರಿ.

ಸುಹಾಸ್, ಕೊಪ್ಪ: ಅಣ್ಣ, ಹೆದರಿಸ್ತೀರಲ್ಲ 😐

ಮಂಜಣ್ಣ: ಹೆದರಲಿ ಅಂತಲೇ ಬರೆದೆ.

ಹೆಗಡೆ, ಸಾಗರ: ಅಯ್ಯೋ ಮಾರಾಯ, ಅಜ್ಜನ ಎಂಜಿಬಿ ಕೊಯ್ಯಲಿಕ್ಕೆ ಕೈ ಹೇಗೆ ಬಂತು? ಮ್ಯೂಸಿಯಮ್‌ನಲ್ಲಿ ಇಡುವಂಥ ಗಾಡಿ.

ಕಾರ್ತಿಕ್, ಶಿವಮೊಗ್ಗ: ಹೆಗಡೆಯವರೇ, ಗಾಡಿ ಇರುವುದು ಓಡಿಸಲಿಕ್ಕೆ. ಇಂಗ್ಲೆಂಡಿನ ಎಸಿ ಏಸ್ ಕಾರಿಗೆ ಫೋರ್ಡ್ ವಿ8 (ಎಂಟು ಸಿಲಿಂಡರಿನ ಎಂಜಿನ್) ಹಾಕಿದ್ದಕ್ಕೇ 1962ರಲ್ಲಿ ಕೋಬ್ರಾ ಹುಟ್ಟಿದ್ದು. ಎಂಜಿ ಕಂಪನಿಯವರೇ ಎಂಜಿಬಿ ಜಿಟಿಗೆ ವಿ8 ಹಾಕಿದರು.

ಹೆಗಡೆ, ಸಾಗರ: ಕಂಪನಿ ಮಾಡುವುದಕ್ಕೂ ಕೊಪ್ಪದ ಗ್ಯಾಸ್ ವೆಲ್ಡಿಂಗ್‌ನವನು ಮಾಡುವುದಕ್ಕೂ ವ್ಯತ್ಯಾಸ ಉಂಟು.

ಕಾರ್ತಿಕ್, ಶಿವಮೊಗ್ಗ: ನಿಮ್ಮ ಹೆರಾಲ್ಡ್ ಕಾರು ಹತ್ತು ವರ್ಷದಿಂದ ಟಾರ್ಪಲ್ ಕೆಳಗೆ ನಿಂತಿದೆ. ಅದಕ್ಕಿಂತ ವಾಸಿ.

ಮಂಜಣ್ಣ: ಕಾರ್ತಿಕ್ ಹೇಳಿದ ವಿ8 ವಿಷಯ ಸರಿ, ಅರ್ಧ ಮಾತ್ರ ಹೇಳಿದ. 1973ರಿಂದ 1976ರವರೆಗೆ ಬಂದ ಆ ಗಾಡಿಯಲ್ಲಿ ಇದ್ದದ್ದು ರೋವರ್ 3.5 ಲೀಟರ್ ವಿ8. ಅಲ್ಯೂಮಿನಿಯಂ ಎಂಜಿನ್. ಕಬ್ಬಿಣದ ನಾಲ್ಕು ಸಿಲಿಂಡರಿಗಿಂತ ಹೆಚ್ಚೇನೂ ಭಾರ ಇಲ್ಲ. ಹಾಗಾಗಿ ಮುಂಭಾಗ ಕುಸಿಯಲಿಲ್ಲ. ಹೌಸಿಂಗ್‌ನ ರೇಶಿಯೋ ಕೂಡ ಬದಲಾಯಿಸಿದರು. ಸನ್‌ಬೀಮ್ ಟೈಗರ್ ಗೊತ್ತಾ? ಸಣ್ಣ ಆಲ್ಪೈನ್ ಒಳಗೆ ಫೋರ್ಡ್ ವಿ8 ತುರುಕಿದ್ದು, 1964. ಅದರ ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಬೇಕಾದರೆ ಕಾರಿನೊಳಗೆ ಕೂತು ಫೈರ್‌ವಾಲ್‌ನ ಮುಚ್ಚಳ ತೆಗೆದು ಕೈ ಹಾಕಬೇಕು. ಕಂಪನಿ ಗಾಡಿಯ ಪಾಡೇ ಇದು. ಎಂಜಿನ್ ಕೂರಿಸಿದವನು ಹೊರಟು ಹೋಗುತ್ತಾನೆ, ಪ್ಲಗ್ ಬಿಚ್ಚುವವನು ಬೈಯುತ್ತಾನೆ.

ರಮ್ಯಾ, ಶೃಂಗೇರಿ: ಸಾರ್, ಪ್ರೀಮಿಯರ್ 118ಎನ್‌ಇ ಕಾರಿಗೆ ಈ20 (ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಬಹುದಾ? ಪೆಟ್ರೋಲ್ ವಾಸನೆ ಬರುತ್ತಿದೆ.

ಮಂಜಣ್ಣ: ವಾಸನೆ ಬಂದರೆ ಇವತ್ತೇ ನೋಡಿಸಿ ಅಮ್ಮಾ, ಬೆಂಕಿ ಅಪಾಯ. ಎಥನಾಲ್‌ಗೆ ಹಳೇ ರಬ್ಬರ್ ಪೈಪ್ ತಡೆಯಲ್ಲ. ಪೈಪ್, ಪಂಪಿನ ಡಯಾಫ್ರಾಂ, ಕಾರ್ಬೊರೇಟರ್ ವಾಷರ್ ಬದಲಾಯಿಸಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ತೇವ ಎಳೆದುಕೊಳ್ಳುತ್ತೆ.

ಸತೀಶ್, ಹೊಸನಗರ: ಫಾರ್ವರ್ಡ್ ಆಗಿ ಬಂದದ್ದು: "ಹಳೇ ಕಾರಿನ ಪಿಕಪ್ ಹೆಚ್ಚಿಸಲು ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿ. ಎಂಜಿನ್ ಬಿಸಿಯಾದರೆ ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡಿ. ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಮೈಲೇಜ್ ಡಬಲ್. ಎಲ್ಲರಿಗೂ ಶೇರ್ ಮಾಡಿ." ನಿಜಾನಾ ಮಂಜಣ್ಣ?

ಮಂಜಣ್ಣ: ಇದನ್ನು ಬರೆದವನು ಘಾಟಿ ನೋಡಿಲ್ಲ. ಎಂಜಿನ್ ಆಫ್ ಮಾಡಿದರೆ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಇಲ್ಲ. ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತೆ. ನ್ಯೂಟ್ರಲ್ ಮಾಡಿದರೆ ಗೇರಿನ ತಡೆ ಇಲ್ಲ, ಪೂರ್ತಿ ಭಾರ ಬ್ರೇಕ್ ಮೇಲೆ. ಬ್ರೇಕ್ ಆಯಿಲ್ ತೇವ ಹೀರಿದ್ದರೆ ಬಿಸಿಗೆ ಕುದಿಯುತ್ತೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೆ ತಡೆಯುತ್ತೆ, ತೇವ ಹಿಡಿದದ್ದು 155ಕ್ಕೇ ಕುದಿಯಬಹುದು. ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ತಾನಾಗಿ ಕಟ್ ಆಗುತ್ತೆ, ಹಾಗಾಗಿ ಉಳಿತಾಯವೂ ಸುಳ್ಳು. ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಬೇಕಾದ ಬಿಸಿಗೇ ಬರಲ್ಲ, ಸಿಲಿಂಡರ್ ಬೋರ್ ಬೇಗ ಸವೆಯುತ್ತೆ. ನುಸಿಗುಳಿಗೆ ಬೀರುವಿನಲ್ಲಿ ಇಡಿ. ಇನ್ನೊಂದು ಇಂಥದ್ದು ಬಂದರೆ ನಾನು ಎದ್ದು ಹೋಗುತ್ತೇನೆ.

ಸತೀಶ್, ಹೊಸನಗರ: ಕೇಳಿದ್ದಷ್ಟೇ. ಇಷ್ಟು ಸಿಟ್ಟು ಯಾಕೆ?

ಗೌಡ್ರು, ಎನ್.ಆರ್. ಪುರ: ನಮ್ಮ ವಿಲ್ಲಿಸ್ ಜೀಪಿಗೆ ಅಪ್ಪ ಆ ಕಾಲದಲ್ಲೇ ಮಟಾಡೋರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸಿದ್ದರು. ಬೆಂಜ್ ಎಂಜಿನ್ ಅದು. ಅಡಿಕೆ ಮೂಟೆ ಹೇರಿ ಎಂಥ ಏರನ್ನೂ ಎರಡನೇ ಗೇರಲ್ಲಿ ಹತ್ತುತ್ತಿತ್ತು. ಆಗ ಯಾವ ಕಲಂ ಇತ್ತು?

ಇರ್ಫಾನ್, ತೀರ್ಥಹಳ್ಳಿ: ಗೌಡ್ರೇ, ಮುಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕೂತುಹೋಗಿ ಜೀಪು ಮೂಗು ಕೆಳಗೆ ಮಾಡಿಕೊಂಡು ಓಡುತ್ತಿತ್ತಲ್ಲ, ಅದನ್ನೂ ಹೇಳಿ. ಪೆಟ್ರೋಲ್ ಹರಿಕೇನ್ ಎಂಜಿನ್ನೇ ಜೀಪಿಗೆ ಸರಿ.

ಗೌಡ್ರು, ಎನ್.ಆರ್. ಪುರ: ಪೆಟ್ರೋಲ್ ಯಾರಪ್ಪನ ಮನೆಯದು? ಕುಡಿಯುವುದು ನೋಡಿದ್ದೀಯಾ?

ಇರ್ಫಾನ್, ತೀರ್ಥಹಳ್ಳಿ: ಅಪ್ಪನ ವಿಷಯ ಬೇಡ ಗೌಡ್ರೇ.

ಗೌಡ್ರು, ಎನ್.ಆರ್. ಪುರ: ಮಾತಿಗೆ ಹೇಳಿದೆ ಮಾರಾಯ. ಪಟ್ಟಾಗೆ ಒಂದು ಎಲೆ ಜಾಸ್ತಿ ಹಾಕಿಸಿದ್ದೆವು, ಏನೂ ಕೂರಲಿಲ್ಲ.

ಹೆಗಡೆ, ಸಾಗರ: ಇದು ಸ್ಪೋರ್ಟ್ಸ್ ಕಾರಿನ ಚರ್ಚೆ. ಜೀಪು ಬೇರೆ ಕಡೆ ಮಾತಾಡಿ.

ಗೌಡ್ರು, ಎನ್.ಆರ್. ಪುರ: ಗುಂಪು ನಿಮ್ಮ ಹೆಸರಿಗೆ ಬರೆದುಕೊಟ್ಟಿದ್ದಾರಾ?

ಅಡ್ಮಿನ್: 🙏🙏 ಎಲ್ಲರೂ ಸಮಾಧಾನ.

ದರ್ಶನ್, ಶಿಕಾರಿಪುರ: ಸಾರ್, ಎಂಜಿನ್ ಬದಲಾಯಿಸಿದರೆ ಆರ್‌ಟಿಒ ತೊಂದರೆ ಇದೆಯಾ?

ಮಂಜಣ್ಣ: ಮೇಲೆ ಓದಿ.

ಅನಿಲ್, ಸೊರಬ: ಸ್ಯಾನ್ ಸ್ಟಾರ್ಮ್‌ಗೆ ಸ್ವಿಫ್ಟ್ ಎಂಜಿನ್ ಹಾಕಿದವರು ಯಾರಾದರೂ ಇದ್ದೀರಾ?

ವಿನಯ್, ಶಿವಮೊಗ್ಗ: ಆರ್‌ಟಿಒಗೆ ಎಷ್ಟು ಖರ್ಚಾಗುತ್ತೆ ಅಣ್ಣ?

ಮಂಜಣ್ಣ: ಮೇಲೆ. ಓದಿ.

ಸುಹಾಸ್, ಕೊಪ್ಪ: ಮಂಜಣ್ಣ, ಕೊಯ್ದ ತುಂಡು ಇಟ್ಟುಕೊಂಡಿದ್ದೇನೆ. ಒಳ್ಳೆ ವೆಲ್ಡರ್ ಹತ್ತಿರ ಸೇರಿಸಿ, ಮೇಲೆ ಪಟ್ಟಿ ಕೊಡಿಸಿದರೆ ಆಗಲ್ವಾ?

ಮಂಜಣ್ಣ: ಬೇಡ. ಬಿಸಿಗೆ ಎಳೆದುಕೊಂಡು ಅಳತೆ ತಪ್ಪಿದರೆ ಅಲೈನ್‌ಮೆಂಟ್ ಯಾವತ್ತೂ ಕೂರಲ್ಲ. ಬೋಲ್ಟ್ ಬಿಚ್ಚಿದರೆ ಹೊರಗೆ ಬರುವ ಸಾಮಾನು, ಪೂರ್ತಿ ಬದಲಾಯಿಸಿ. ಈ ಗಾಡಿಯ ಸಾಮಾನು ಇಂಗ್ಲೆಂಡಿನಲ್ಲಿ ಈಗಲೂ ಸಿಗುತ್ತೆ. ಇಡೀ ಬಾಡಿ ಶೆಲ್ಲನ್ನೇ 1988ರಿಂದ ಹೊಸದಾಗಿ ಮಾಡಿ ಮಾರುತ್ತಿದ್ದಾರೆ.

ಇನ್ನೊಂದು ಮಾತು. ನಿಮ್ಮ ಗಾಡಿಗೆ ಐವತ್ತು ವರ್ಷ ದಾಟಿದೆ. 2021ರ ನಿಯಮದ ಪ್ರಕಾರ ಚಾಸಿಸ್, ಬಾಡಿ, ಎಂಜಿನ್ ಮೂಲದ್ದೇ ಇದ್ದರೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ವಿಎ ಅಂತ ಬೇರೆ ನಂಬರ್ ಕೊಡುತ್ತಾರೆ. ದಿನಾ ಓಡಿಸುವಂತಿಲ್ಲ, ರ‍್ಯಾಲಿಗೆ, ಪ್ರದರ್ಶನಕ್ಕೆ ಒಯ್ಯಬಹುದು. ಅಕಾರ್ಡ್ ಎಂಜಿನ್ ಕೂತ ದಿನ ಅದು ಹೋಯಿತು. ಮೂಲ ಎಂಜಿನ್ ಎಲ್ಲಿದೆ? ಗುಜರಿಗೆ ಹಾಕಿಲ್ಲ ತಾನೆ?

ಕಾರ್ತಿಕ್, ಶಿವಮೊಗ್ಗ: ಮಂಜಣ್ಣನೂ ಹೆಗಡೆ ಪಾರ್ಟಿ ಸೇರಿದರು.

ಮಂಜಣ್ಣ: ಕಾರ್ತಿಕ್, ನೀನು ದುಡ್ಡು ಕೊಡ್ತೀಯಾ? ಇಲ್ಲ ಅಲ್ವಾ. ಸುಮ್ನಿರು.

ಸುಹಾಸ್, ಕೊಪ್ಪ: ಶೆಡ್‌ನಲ್ಲೇ ಇದೆ ಅಣ್ಣ. ಪ್ಲೇಟ್ ಮೇಲೆ 18ಜಿಬಿ ಅಂತ ಇದೆ. ಕೈಯಲ್ಲಿ ಅಲ್ಲಾಡಲ್ಲ.

ಮಂಜಣ್ಣ: ಒಳ್ಳೇದಾಯಿತು! 18ಜಿಬಿ ಅಂದರೆ ಐದು ಮೇನ್ ಬೇರಿಂಗಿನದು, ಗಟ್ಟಿ ಎಂಜಿನ್. ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್. ನಮ್ಮ ಅಂಬಾಸಿಡರ್‌ನ 1489 ಸಿಸಿ ಇದರದೇ ದಾಯಾದಿ. ಆ ಬ್ಲಾಕ್ ಬೋರ್ ಮಾಡಿದ, ವಾಲ್ವ್ ಸೀಟ್ ಕೊರೆದ ಲೇತ್‌ನವರು ಶಿವಮೊಗ್ಗದಲ್ಲಿ ಇನ್ನೂ ಇದ್ದಾರೆ. ಆದರೆ ಅಂಬಾಸಿಡರ್ ಬೇರಿಂಗ್ ತಂದು ಹಾಕಬೇಡಿ, ಅದು ಮೂರು ಬೇರಿಂಗಿನ ಕ್ರ್ಯಾಂಕ್. ಎಸ್‌ಯು ಕಾರ್ಬೊರೇಟರ್ ಎರಡೂ ಇದ್ದರೆ ಡಬ್ಬಿಯಲ್ಲಿ ಹಾಕಿ ಒಣಗಿದ ಕಡೆ ಇಡಿ. ಜೋಡಿ ತಪ್ಪಿಸಬೇಡಿ.

ಈಗ ಮಾಡಬೇಕಾದ್ದು ಇಷ್ಟೇ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ. ಪ್ರತಿ ಬೋರಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು ಒಂದು ವಾರ ಹಾಗೇ ಇಡಿ, ತೂತಿಗೆ ಬಟ್ಟೆ ಮುಚ್ಚಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಸೆಲ್ಫ್ ಹೊಡೆಯಬೇಡಿ, ಪೈಪ್ ಸಿಕ್ಕಿಸಿ ಜೋತು ಬೀಳಬೇಡಿ. ಕಾಲಿಂಚು ತಿರುಗಿದರೂ ಸಾಕು.

ಸುಹಾಸ್, ಕೊಪ್ಪ: ಸೀಮೆಎಣ್ಣೆ ಬಿಡಲಾ ಅಣ್ಣ? ಇಲ್ಲಿ ಒಬ್ಬರು ಕೋಕಾ ಕೋಲಾ ಬಿಡಿ ಅಂದರು.

ಮಂಜಣ್ಣ: ಕೋಲಾ ಅವರಿಗೇ ಕುಡಿಸಿ. ಸೀಮೆಎಣ್ಣೆ ಒಂದೇ ಬಿಟ್ಟರೆ ಆರಿಹೋಗುತ್ತೆ. ಆಟೋಮ್ಯಾಟಿಕ್ ಗೇರ್ ಬಾಕ್ಸ್‌ಗೆ ಹಾಕುವ ಏಟಿಎಫ್ ಆಯಿಲ್ ಸಿಕ್ಕರೆ ಅದನ್ನು ಬಿಡಿ. ತಿರುಗದಿದ್ದರೆ ಹೆಡ್ ಬಿಚ್ಚಿ ಬೋರಿನ ಫೋಟೋ ಹಾಕಿ. ಅಕಾರ್ಡ್ ಎಂಜಿನ್ ಕೊಟ್ಟವನಿಗೆ ಈಗಲೇ ಫೋನ್ ಮಾಡಿ, ವಾಪಸ್ ತಗೊಳ್ತಾನಾ ಕೇಳಿ. ತಿಂಗಳು ಕಳೆದರೆ ಅವನು ಫೋನ್ ಎತ್ತಲ್ಲ.

ಹೆಗಡೆ, ಸಾಗರ: ಮಂಜಣ್ಣ, ನನ್ನ ಹೆರಾಲ್ಡ್‌ನ ಹಿಂದಿನ ಅಡ್ಡ ಪಟ್ಟಾ ಬಗ್ಗೆ ಆಗಲೇ ಕೇಳಬೇಕು ಅಂತಿದ್ದೆ.

ಕಾರ್ತಿಕ್, ಶಿವಮೊಗ್ಗ: ಮೊದಲು ಟಾರ್ಪಲ್ ತೆಗೀರಿ 😂

ಅಡ್ಮಿನ್: ಸಮಯ ಆಯಿತು. ಮಂಜಣ್ಣ ಲಾಗೌಟ್ ಆಗಿದ್ದಾರೆ. ಕಾರ್ತಿಕ್, ಹೆಗಡೆಯವರು ಪರ್ಸನಲ್ ಆಗಿ ಮಾತಾಡಿಕೊಳ್ಳಿ.